ಸವಾರನ ತೂಕವೂ ಸ್ಪ್ರಿಂಗಿನ ಬಿಗುವೂ

ಮೊಟೊಕ್ರಾಸ್ ಎಂಬ ಮೋಟಾರು ಸೈಕಲ್ ಪಂದ್ಯಕ್ಕೆ ಡಾಂಬರು ರಸ್ತೆ ಬೇಡ. ಮಣ್ಣಿನ ದಿಬ್ಬ, ಹಳ್ಳ, ಕೆಸರುಗಳೇ ಅದರ ಅಂಕಣ. ದಿಬ್ಬದ ನೆತ್ತಿಯಿಂದ ಚಿಮ್ಮಿದ ವಾಹನವು ಗಾಳಿಯಲ್ಲಿ ಹತ್ತಾರು ಅಡಿ ಸಾಗಿ ನೆಲಕ್ಕೆ ಅಪ್ಪಳಿಸುವಾಗ ಸವಾರನ ಬೆನ್ನುಮೂಳೆ ಹೇಗೆ ಉಳಿದೀತೆಂದು ನೋಡುವವರಿಗೆ ಬೆರಗಾಗುತ್ತದೆ. ಅದನ್ನು ಉಳಿಸುವುದು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಇರುವ ಉಕ್ಕಿನ ಸ್ಪ್ರಿಂಗು ಮತ್ತು ಅದರ ಕುಣಿತವನ್ನು ತಡೆಯುವ ಎಣ್ಣೆಯ ಕೊಳವೆ.

ಮೊದಲು ಈ ವಾಹನಗಳ ಹಿಂಚಕ್ರಕ್ಕೆ ಮೇಲೆ ಕೆಳಗೆ ಆಡಲು ಇದ್ದ ಅವಕಾಶ ಸುಮಾರು 100 ಮಿ.ಮೀ. ಮಾತ್ರ. ಬೆಲ್ಜಿಯಮ್ಮಿನ ಲೂಸಿಯೆನ್ ಟಿಲ್ಕೆನ್ಸ್ ಎಂಬ ಎಂಜಿನಿಯರು ಕಲ್ಪಿಸಿದ ಒಂಟಿ ಸ್ಪ್ರಿಂಗಿನ ಏರ್ಪಾಟನ್ನು ಯಮಾಹಾ ಸಂಸ್ಥೆ ಅಳವಡಿಸಿಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕಾನ್ ಆಂಡರ್ಸನ್ ಅದರ ಬಲದಿಂದ 250 ಸಿ.ಸಿ. ವರ್ಗದಲ್ಲಿ ವಿಶ್ವವಿಜೇತನಾದನು. ಇಂದು ಆ ಆಟ ಸುಮಾರು 300 ಮಿ.ಮೀ.ಗೆ ಬೆಳೆದಿದೆ.

ಈ 300 ಮಿ.ಮೀ. ಎಲ್ಲವೂ ಉಬ್ಬಿನ ಹೊಡೆತವನ್ನು ನುಂಗಲೆಂದೇ ಇದೆಯೆಂದು ನಾವು ಭಾವಿಸುವುದು ಸಹಜ. ಹಾಗಲ್ಲ. ನೆಲದಲ್ಲಿ ಉಬ್ಬಿದ್ದಂತೆಯೇ ತಗ್ಗೂ ಉಂಟಷ್ಟೆ. ಚಕ್ರವು ತಗ್ಗಿಗೆ ಇಳಿದು ನೆಲವನ್ನು ಹಿಡಿದುಕೊಂಡೇ ಇರಬೇಕಾದರೆ ಸವಾರನು ಏರಿದಾಗಲೇ ಸ್ಪ್ರಿಂಗು ಸ್ವಲ್ಪ ಕುಗ್ಗಿರಬೇಕು. ಒಟ್ಟು ಆಟದ ಮೂರನೆಯ ಒಂದು ಪಾಲು, ಎಂದರೆ ಸುಮಾರು 100 ಮಿ.ಮೀ., ಹೀಗೆ ಕುಸಿಯಲೆಂದು ಬಿಡುವುದು ವಾಡಿಕೆ. ಕುಸಿತ ಹೆಚ್ಚಾದರೆ ವಾಹನದ ಹಿಂಭಾಗ ತಗ್ಗಿ, ಮುಂಚಕ್ರ ಹಗುರವಾಗಿ, ತಿರುವಿನಲ್ಲಿ ಹೊರಗೆ ಜಾರುತ್ತದೆ. ಕಡಿಮೆಯಾದರೆ ಹಿಂಭಾಗ ಎದ್ದು ನಿಂತು, ವೇಗದಲ್ಲಿ ಹಿಡಿಕೆ ಅತ್ತಿತ್ತ ಒದರತೊಡಗುತ್ತದೆ.

ಅಳೆಯುವುದು ಕಷ್ಟವಲ್ಲ. ವಾಹನವನ್ನು ಪೀಠದ ಮೇಲೆತ್ತಿ ಹಿಂಚಕ್ರವನ್ನು ತೂಗುಬಿಟ್ಟು, ಅದರ ಅಚ್ಚಿನಿಂದ ಮೇಲಿನ ಮಡ್‌ಗಾರ್ಡಿನ ಒಂದು ಗುರುತಿಗಿರುವ ದೂರವನ್ನು ಅಳೆಯೋಣ. ಅದು 620 ಮಿ.ಮೀ. ಎನ್ನೋಣ. ನೆಲಕ್ಕಿಳಿಸಿದಾಗ 585 ಆಯಿತು. ಇದು ಬರಿ ವಾಹನದ ಕುಸಿತ, 35 ಮಿ.ಮೀ. ಸವಾರನು ಶಿರಸ್ತ್ರಾಣ, ಬೂಟುಗಳ ಸಮೇತ ಏರಿದಾಗ 520 ಆಯಿತು. ಇದು ಸವಾರಿಯ ಕುಸಿತ, ಸರಿಯಾಗಿ 100. ಅಳೆಯುವ ಮುನ್ನ ವಾಹನವನ್ನು ಒಂದೆರಡು ಸಲ ಅದುಮಿ ಬಿಡಬೇಕು. ಇಲ್ಲವಾದರೆ ಕೀಲುಗಳ ಘರ್ಷಣೆ ನಮ್ಮನ್ನು ವಂಚಿಸುತ್ತದೆ.

ಸವಾರಿಯ ಕುಸಿತ 100ಕ್ಕೆ ಬಾರದಿದ್ದರೆ ಸ್ಪ್ರಿಂಗಿನ ತುದಿಯಲ್ಲಿರುವ ತಿರುಪು ಬಳೆಯನ್ನು ಬಿಗಿಮಾಡಿಯೋ ಸಡಿಲಿಸಿಯೋ ತರಬಹುದು. ಬಹುಮಂದಿ ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಅಪಾಯ ಅಡಗಿರುವುದು ಇಲ್ಲಿಯೇ.

ಸ್ಪ್ರಿಂಗು ಕುಗ್ಗುವ ಅಥವಾ ಹಿಗ್ಗುವ ದೂರವು ಅದರ ಮೇಲಿನ ಬಲದ ಪ್ರಮಾಣದಲ್ಲಿರುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನೆಂಬುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅಂಗಡಿಯ ಸ್ಪ್ರಿಂಗು ತಕ್ಕಡಿಯ ಮುಳ್ಳನ್ನು ಸೊನ್ನೆಯಿಂದ ಎಷ್ಟು ಸರಿಸಿದರೂ ಒಂದು ಕಿಲೋ ಅಕ್ಕಿಗೆ ಅದು ಓಡುವ ದೂರ ಬದಲಾಗದು. ತಿರುಪು ಬಳೆಯೂ ಹಾಗೆಯೇ. ಅದು ಕುಸಿತ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಮಾತ್ರ ಬದಲಿಸುತ್ತದೆ, ಸ್ಪ್ರಿಂಗಿನ ಬಿಗುವನ್ನಲ್ಲ.

ಲೆಕ್ಕ ಸುಲಭವಾಗಲೆಂದು, ಹಿಂಚಕ್ರದ ಮೇಲೆ 0.65 ಕಿಲೋ ಹೇರಿದರೆ 1 ಮಿ.ಮೀ. ಕುಗ್ಗುವ ಸ್ಪ್ರಿಂಗನ್ನು ತೆಗೆದುಕೊಳ್ಳೋಣ. ಸವಾರನ ತೂಕದಲ್ಲಿ ಐದರಲ್ಲಿ ಮೂರು ಪಾಲು ಹಿಂದಕ್ಕೆ ಬೀಳುತ್ತದೆ ಎನ್ನೋಣ. 70 ಕಿಲೋ ಸವಾರನ ಪಾಲು 42 ಕಿಲೋ. ಅದಕ್ಕೆ ಕುಸಿತ 65 ಮಿ.ಮೀ. ಬರಿ ವಾಹನದ 35 ಕೂಡಿದರೆ 100. ಈಗ 90 ಕಿಲೋ ತೂಗುವವನು ಏರಲಿ. ಅವನ 54 ಕಿಲೋಗೆ ಕುಸಿತ 83 ಮಿ.ಮೀ. ಬಳೆಯನ್ನು ಬಿಗಿಮಾಡಿ ಒಟ್ಟು 100ಕ್ಕೆ ತಂದರೆ ಬರಿ ವಾಹನದ ಕುಸಿತಕ್ಕೆ ಉಳಿಯುವುದು 17 ಮಾತ್ರ. 50 ಕಿಲೋ ತೂಗುವ ಹುಡುಗನಿಗಾದರೋ 46 ಸಾಕು. ಬಳೆಯನ್ನು ಸಡಿಲಿಸಿದಾಗ ಬರಿ ವಾಹನವೇ 54 ಮಿ.ಮೀ. ಕುಸಿದು ನಿಲ್ಲುತ್ತದೆ.

ವಾಹನವು ಸವಾರನಿಲ್ಲದೆ ಬಹಳ ಕುಸಿದರೆ ಸ್ಪ್ರಿಂಗು ಮೆದುವೆಂದು ಯಾರಾದರೂ ಹೇಳಿಬಿಟ್ಟಾರು. ನಿಜಸ್ಥಿತಿ ತಲೆಕೆಳಗು! ಸವಾರಿಯ ಕುಸಿತವನ್ನು 100ಕ್ಕೆ ನಿಲ್ಲಿಸಿದ ಮೇಲೆ, ಬರಿ ವಾಹನವು ಹೆಚ್ಚು ಕುಸಿದರೆ ಸ್ಪ್ರಿಂಗು ಆ ಸವಾರನಿಗೆ ಅತಿ ಬಿಗಿ. ಕಡಿಮೆ ಕುಸಿದರೆ ಅತಿ ಮೆದು. ದಪ್ಪ ಸವಾರನು ಬಳೆಯನ್ನು ಎಷ್ಟೇ ಬಿಗಿದರೂ ಉಳಿದ 200 ಮಿ.ಮೀ. ಪೂರ್ತಿ ಅದುಮಲು ಬೇಕಾಗುವ ಹೆಚ್ಚಿನ ಭಾರ 130 ಕಿಲೋವೇ, ಹುಡುಗನಿಗೂ ಅಷ್ಟೇ. ಹೀಗಾಗಿ ದಿಬ್ಬದಿಂದ ಹಾರಿದಾಗ ಒಬ್ಬನ ಚಕ್ರ ತಳಕ್ಕೆ ಬಡಿಯುತ್ತದೆ. ಇನ್ನೊಬ್ಬನ ವಾಹನ ಅರ್ಧ ಆಟವನ್ನೂ ಬಳಸದೆ ಒದ್ದು ಚಿಮ್ಮಿಸುತ್ತದೆ. ಇಬ್ಬರಿಗೂ ಬೇಕಾದುದು ಬೇರೆ ಸ್ಪ್ರಿಂಗು: ನಮ್ಮ ಲೆಕ್ಕದಂತೆ ದೊಡ್ಡವನಿಗೆ ಸುಮಾರು 0.83, ಹುಡುಗನಿಗೆ 0.46. ಅಣ್ಣನ ವಾಹನವನ್ನು ತಮ್ಮನು ಹಾಗೆಯೇ ಏರುವುದು ನಮಗೆ ಒಪ್ಪಿಗೆಯಾಗದಿರುವುದು ಇದರಿಂದಲೇ.

ಮುಂದಿನ ಕವಲಿಗೂ ಇದೇ ನ್ಯಾಯ. ಎಣ್ಣೆಯ ತಡೆಯನ್ನು ತಿದ್ದುವುದು ಸ್ಪ್ರಿಂಗು ಸರಿಹೋದ ಅನಂತರದ ಕೆಲಸ. ಮೊದಲೇ ಕೈಹಾಕಿದರೆ ಒಂದು ತಪ್ಪಿನಿಂದ ಇನ್ನೊಂದನ್ನು ಮುಚ್ಚಿದಂತಾದೀತು.

ದೂರದ ರ್ಯಾಲಿಗಳಲ್ಲಿ ತೊಡಕು ಇನ್ನೊಂದಿದೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಅಂಥ ವಾಹನಗಳು 30 ಲೀಟರಿಗೂ ಮಿಕ್ಕ ಪೆಟ್ರೋಲನ್ನು ಹೊರುತ್ತವೆ. ಲೀಟರಿಗೆ ಮುಕ್ಕಾಲು ಕಿಲೋ ಎಂದರೂ ಇಪ್ಪತ್ತೆರಡು ಕಿಲೋ ದಾಟಿತು. ಆ ಭಾರ ದಾರಿಯುದ್ದಕ್ಕೂ ಕರಗುತ್ತ ಹೋಗುವುದರಿಂದ ತುಂಬಿದ ತೊಟ್ಟಿಗೆ ಸರಿಹೊಂದಿಸಿದ ಸ್ಪ್ರಿಂಗು ಬರಿದಾದ ತೊಟ್ಟಿಗೆ ಬಿಗಿಯೆನಿಸುತ್ತದೆ. ಅಲ್ಲಿನ ಕುಶಲಿಗಳು ಎರಡರ ನಡುವೆ ಒಂದು ಅಳತೆಯನ್ನು ಆರಿಸಿಕೊಳ್ಳಬೇಕಾಗುತ್ತದೆ.