ಮೈನಸ್ ಒಂದರಿಂದ ಭಾಗಿಸಿದಾಗ

ಸೊನ್ನೆಯಿಂದ ಭಾಗಿಸಬಾರದೆಂದು ಶಾಲೆಯಲ್ಲೇ ಕಲಿಯುತ್ತೇವೆ. ಕಂಪ್ಯೂಟರಿಗೆ ಇನ್ನೊಂದು ಅಪಾಯದ ಭಾಗಾಕಾರವಿದೆ. 32 ಬಿಟ್‌ಗಳಲ್ಲಿ ಹಿಡಿಸುವ ಪೂರ್ಣಾಂಕಗಳು −2147483648ರಿಂದ 2147483647ರವರೆಗೆ; ಋಣದ ಕಡೆ ಒಂದು ಸಂಖ್ಯೆ ಹೆಚ್ಚು. ಆ ಕಟ್ಟಕಡೆಯ ಋಣಸಂಖ್ಯೆಯನ್ನು −1ರಿಂದ ಭಾಗಿಸಿದರೆ ಉತ್ತರ 2147483648 ಆಗಬೇಕು. ಅದಕ್ಕೆ ಜಾಗವಿಲ್ಲ. ಇಂಟೆಲ್ ಮಾದರಿಯ ಪ್ರೊಸೆಸರ್ ಲೆಕ್ಕ ಕೈಬಿಟ್ಟು ದೋಷ ಸಾರುತ್ತದೆ, ಲಿನಕ್ಸ್ ಆ ಪ್ರೋಗ್ರಾಮನ್ನು ಅಲ್ಲಿಗೇ ಮುಗಿಸುತ್ತದೆ.

ಹಾಗೆ ಮುಗಿದುಹೋಗುವ ಪ್ರೋಗ್ರಾಮ್ ಕಂಪೈಲರೇ ಆಗಿರಬಹುದು. ನಾವು ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವುದರ ಜೊತೆಗೆ ಕಂಪೈಲರ್ ಅದನ್ನು ಚುರುಕುಗೊಳಿಸುತ್ತದೆ ಕೂಡ. 60 × 60 × 24 ಎಂದು ಬರೆದಿದ್ದರೆ ತಾನೇ ಗುಣಿಸಿ 86400 ಎಂದು ಇಟ್ಟುಬಿಡುತ್ತದೆ. ಹೀಗೆ ಚುರುಕುಗೊಳಿಸುವ ಕೆಲಸ, ಅಂದರೆ ಆಪ್ಟಿಮೈಸೇಶನ್, ಇಂದಿನ ಚಾಳಿಯಲ್ಲ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಕಂಪೈಲರ್ ಹೊರತಂದಾಗಲೇ ಇತ್ತು. ಹೀಗೆ ಮುಂಗಡವಾಗಿ ಲೆಕ್ಕ ಮಾಡುವಾಗ ಕಂಪೈಲರಿಗೆ ಮೇಲಿನ ಭಾಗಾಕಾರ ಎದುರಾಗಿ, ಅದು ತಾನು ಓಡುತ್ತಿರುವ ಪ್ರೊಸೆಸರಿನ ಭಾಗಾಕಾರವನ್ನೇ ಬಳಸಿದರೆ, ಕ್ರ್ಯಾಶ್ ಆಗುವುದು ಅದೇ. ಅಂಥ ಭಾಗಾಕಾರ ಬರೆದವನದೇ ತಪ್ಪು ಎನ್ನುವಂತಿಲ್ಲ. ಸಿ ಭಾಷೆಯಲ್ಲಿ ಅದಕ್ಕೆ ಅರ್ಥವಿಲ್ಲದಿರುವುದು ನಿಜ. ಆದರೆ ಆ ಸಾಲು ಎಂದೂ ಕಾರ್ಯಗತವಾಗದ ಕವಲೊಂದರಲ್ಲಿದ್ದರೆ ಪ್ರೋಗ್ರಾಮಿನಲ್ಲಿ ದೋಷವೇನೂ ಇಲ್ಲ.

ಪರಿಹಾರ ಎರಡು ಸಾಲಿನದು: ಭಾಜಕ −1, ಭಾಜ್ಯ ಆ ಕನಿಷ್ಠ ಸಂಖ್ಯೆ ಎಂದಾದರೆ ಲೆಕ್ಕ ಮಾಡಲು ಹೋಗಬೇಡ. ಕ್ರ್ಯಾಶ್ ನಿಲ್ಲುತ್ತದೆ. ಇದನ್ನು ಒಪ್ಪಬಹುದೇ ಎಂದು ನೋಡುವ ಪರಿಶೀಲಕನ ಕೆಲಸ ಶುರುವಾಗುವುದು ಆಮೇಲೆ.

ಭಾಗಲಬ್ಧ ಸರಿಹೋಯಿತು, ಶೇಷದ ಗತಿಯೇನು? ಇಲ್ಲಿ ಶೇಷ 0, ಅದಕ್ಕೆ ಧಾರಾಳ ಜಾಗವಿದೆ. ಆದರೂ ಇಂಟೆಲ್ ಪ್ರೊಸೆಸರಿನಲ್ಲಿ ಭಾಗಲಬ್ಧ, ಶೇಷ ಎರಡನ್ನೂ ಕೊಡುವುದು ಒಂದೇ ಆದೇಶವಾದ್ದರಿಂದ ಶೇಷ ಕೇಳಿದರೂ ಅದೇ ಗತಿ. ಇನ್ನು, ತಿದ್ದಿದವರು ಯಾವ ಯಂತ್ರದಲ್ಲಿ ಪರೀಕ್ಷಿಸಿದರು? 64 ಬಿಟ್ ಆರ್ಮ್ ಪ್ರೊಸೆಸರ್ ದೋಷ ಸಾರುವುದೇ ಇಲ್ಲ. ಅದೇ ಕನಿಷ್ಠ ಸಂಖ್ಯೆಯನ್ನು ಉತ್ತರವೆಂದು ತಣ್ಣಗೆ ಹಿಂದಿರುಗಿಸುತ್ತದೆ. ಅಂಥ ಲ್ಯಾಪ್‌ಟಾಪಿನಲ್ಲಿ ‘ಸರಿಯಾಯಿತು’ ಎನ್ನುವುದಕ್ಕೆ ಬೆಲೆಯಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ತಿದ್ದಿದ ಸಾಲುಗಳ ಆಚೆಗಿದೆ. ‘ಭಾಜಕ ಸೊನ್ನೆಯಲ್ಲದಿದ್ದರೆ ಭಾಗಾಕಾರ ಸುರಕ್ಷಿತ’ ಎಂಬ ನಂಬಿಕೆ ಕಂಪೈಲರಿನ ಬೇರೆಲ್ಲಿ ಅಡಗಿದೆ? ಲೂಪಿನ ಒಳಗೆ ಪ್ರತಿ ಸುತ್ತಿನಲ್ಲೂ ಒಂದೇ ಉತ್ತರ ಕೊಡುವ ಲೆಕ್ಕವಿದ್ದರೆ ಕಂಪೈಲರ್ ಅದನ್ನು ಲೂಪಿನ ಮುಂಚೆಯೇ ಒಮ್ಮೆ ಮಾಡಿ ಮುಗಿಸುತ್ತದೆ. ಆ ಲೆಕ್ಕ ‘ಹೀಗಿದ್ದರೆ ಮಾತ್ರ’ ಎಂಬ ಷರತ್ತಿನೊಳಗಿತ್ತು ಎನ್ನಿ. ಎಂದೂ ನಡೆಯಬಾರದಿದ್ದ ಭಾಗಾಕಾರ ಈಗ ನಡೆಯುತ್ತದೆ, ಚೆನ್ನಾಗಿದ್ದ ಪ್ರೋಗ್ರಾಮ್ ಸಾಯುತ್ತದೆ. ಅದಕ್ಕೇ ಎಲ್‌ಎಲ್‌ವಿಎಂ ಕಂಪೈಲರ್, ಭಾಗಾಕಾರವನ್ನು ಮುಂಚಿತವಾಗಿ ಮಾಡುವ ಮೊದಲು ಸೊನ್ನೆಯ ಜೊತೆಗೆ −1ರ ಬಗೆಗೂ ವಿಚಾರಿಸುತ್ತದೆ. ಈ ಬಗೆಯ ಬಗ್ ಕಂಪೈಲರನ್ನು ಬೀಳಿಸುವುದಿಲ್ಲ. ಎಂದೋ, ಎಲ್ಲೋ, ಯಾರದೋ ಪ್ರೋಗ್ರಾಮನ್ನು ಬೀಳಿಸುತ್ತದೆ. ನನ್ನನ್ನು ಕೇಳಿದರೆ ಕಂಪೈಲರ್ ತಾನೇ ಬೀಳುವುದು ಎಷ್ಟೋ ಮೇಲು.

ಜಾವಾ ಭಾಷೆಯ ದಾರಿ ಬೇರೆ. ಅಲ್ಲಿ ಈ ಭಾಗಾಕಾರಕ್ಕೂ ನಿಯಮದಲ್ಲಿ ಉತ್ತರ ಗೊತ್ತುಮಾಡಿದ್ದಾರೆ: ಅದೇ ಕನಿಷ್ಠ ಸಂಖ್ಯೆ. ಸಿ ಭಾಷೆಗೆ ಸರಿಯಾದ ತಿದ್ದುಪಡಿಯನ್ನು ಅಲ್ಲಿಗೆ ಹಾಗೇ ಒಯ್ದರೆ ತಪ್ಪಾಗುತ್ತದೆ.

ಇಂಥ ಮೂಲೆಗಳು ಮನುಷ್ಯನ ತಲೆಗೆ ಹೊಳೆಯುವುದು ಕಷ್ಟ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಯದ್ವಾತದ್ವಾ ಸಿ ಪ್ರೋಗ್ರಾಮುಗಳನ್ನು ಹುಟ್ಟಿಸುವ ಸಿಸ್ಮಿತ್ ಎಂಬ ಸಾಧನ ಕಟ್ಟಿ, ಕಂಪೈಲರುಗಳಲ್ಲಿ ಅದುವರೆಗೆ ಯಾರಿಗೂ ತಿಳಿಯದಿದ್ದ 325ಕ್ಕೂ ಹೆಚ್ಚು ಬಗ್‌ಗಳು ಸಿಕ್ಕವೆಂದು 2011ರಲ್ಲಿ ವರದಿ ಮಾಡಿದರು. ಸಿಕ್ಕ ಉದ್ದನೆಯ ಪ್ರೋಗ್ರಾಮನ್ನು ಕತ್ತರಿಸುತ್ತ ಹೋಗಿ, ಕ್ರ್ಯಾಶ್ ಉಳಿಯುವಷ್ಟೇ ಸಾಲುಗಳಿಗೆ ಇಳಿಸುವ ಸಾಧನಗಳೂ ಇವೆ. ಆ ನಾಲ್ಕಾರು ಸಾಲೇ ತಿದ್ದುಪಡಿಯ ಜೊತೆಗೆ ಬರಬೇಕಾದ ಟೆಸ್ಟ್. ಪರಿಶೀಲಕ ಅದನ್ನು ಮೊದಲು ಹಳೆಯ ಕಂಪೈಲರಿಗೆ ಕೊಟ್ಟು ನೋಡಬೇಕು. ಅಲ್ಲಿ ಕ್ರ್ಯಾಶ್ ಆಗದಿದ್ದರೆ ಟೆಸ್ಟನ್ನು ವಾಪಸ್ ಕಳಿಸಬೇಕು.