ಗೋಡೆಯೊಳಗಿನ ಸದ್ದು

ಹಳೆಯ ಮನೆಗಳಲ್ಲಿ ವಾಸವಾಗಿರುವವರಿಗೆ ಈ ಸದ್ದು ಹೊಸದಲ್ಲ. ರಾತ್ರಿ ಎಲ್ಲರೂ ಮಲಗಿರುವಾಗ ಯಾರೋ ಬಚ್ಚಲಮನೆಯ ನಲ್ಲಿಯನ್ನು ತಟ್ಟನೆ ನಿಲ್ಲಿಸುತ್ತಾರೆ. ಗೋಡೆಯೊಳಗೆ ‘ಢಣ್’ ಎಂದು ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತದೆ. ತೊಟ್ಟಿಲಲ್ಲಿನ ಮಗು ಬೆಚ್ಚಿ ಏಳುತ್ತದೆ.

ಓಡುವ ನೀರಿಗೆ ಭಾರವೂ ಉಂಟು, ವೇಗವೂ ಉಂಟು. ದಾರಿ ಹಠಾತ್ತನೆ ಮುಚ್ಚಿದರೆ ಆ ವೇಗ ಒತ್ತಡವಾಗಿ ಮಾರ್ಪಡುತ್ತದೆ. ಇದರ ಲೆಕ್ಕವನ್ನು ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿಯವರು 1898ರಲ್ಲಿ ತೋರಿಸಿಕೊಟ್ಟರು. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಿಂದ ಹರಿಯುವ ನೀರನ್ನು ಒಮ್ಮೆಗೇ ತಡೆದರೆ, 100 ಮೀಟರಿಗೂ ಮೀರಿದ ನೀರಿನ ಕಂಬದಷ್ಟು ಒತ್ತಡ ಕ್ಷಣಕಾಲ ಏಳುತ್ತದೆ. ತುಕ್ಕು ಹಿಡಿದ ಕೀಲುಗಳು ಇದನ್ನು ಎಷ್ಟು ದಿನ ತಾಳಿಯಾವು? ಮೊದಲು ಸದ್ದು, ಆಮೇಲೆ ಗೋಡೆಯಲ್ಲಿ ತೇವ.

ಮೊದಲ ಮದ್ದಿಗೆ ಖರ್ಚಿಲ್ಲ: ನಲ್ಲಿಯನ್ನು ನಿಧಾನವಾಗಿ ನಿಲ್ಲಿಸುವುದು. ಗೋಡೆಯ ಹೊರಗಿರುವ ಕೊಳವೆ ಕೈಗೆ ಅಲುಗಾಡುತ್ತಿದ್ದರೆ, ನಡುವೆ ರಬ್ಬರಿನ ತುಂಡಿಟ್ಟು ಕ್ಲಾಂಪುಗಳನ್ನು ಬಿಗಿಯಬೇಕು. ತಿರುಪಿನ ನಲ್ಲಿಯನ್ನು ಅರ್ಧ ತಿರುಗಿಸಿದಾಗ ಮಾತ್ರ ಗಡಗಡ ಸದ್ದಾದರೆ ಒಳಗಿನ ವಾಷರ್ ಸವೆದಿದೆ ಅಥವಾ ಸಡಿಲವಾಗಿದೆಯೆಂದು ತಿಳಿಯಬಹುದು. ಮುಖ್ಯ ವಾಲ್ವನ್ನು ಮುಚ್ಚಿ ಅದನ್ನು ಬದಲಾಯಿಸಿ. ತೊಟ್ಟಿ ತುಂಬುವಾಗ ಸದ್ದಾದರೆ ತೇಲುವ ಚೆಂಡಿನ ವಾಲ್ವನ್ನು ಪರೀಕ್ಷಿಸಿ.

ಇಷ್ಟಾದರೂ ನಿಲ್ಲದಿದ್ದರೆ, ನಲ್ಲಿಯ ಸಮೀಪ ಮೇಲ್ತುದಿ ಮುಚ್ಚಿದ ಗಿಡ್ಡ ಕೊಳವೆಯೊಂದನ್ನು ನೆಟ್ಟಗೆ ಜೋಡಿಸಲು ಕೊಳಾಯಿ ಕೆಲಸದವರಿಗೆ ಹೇಳಿ. ಅದರೊಳಗಿನ ಗಾಳಿ ಮೆತ್ತೆಯಂತೆ ಪೆಟ್ಟನ್ನು ನುಂಗುತ್ತದೆ. ಕಾಲಕ್ರಮದಲ್ಲಿ ಆ ಗಾಳಿ ನೀರಿನಲ್ಲಿ ಕರಗಿಹೋಗುವುದರಿಂದ, ಆಗಾಗ ಮುಖ್ಯ ವಾಲ್ವನ್ನು ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು ನೀರನ್ನು ಬಸಿಯಬೇಕು.

ಗೋಡೆ ಒಡೆಸುವ ಮಾತು ಕಟ್ಟಕಡೆಯದಾಗಿರಲಿ.