ಮೆದುಳಿಗೆ ತರಬೇತಿ ಕೊಡುವ ಕೆಲಸ: ಸೇರುವ ಮುಂಚೆ ಮೂರು ಪ್ರಶ್ನೆ

ತಾರಿಹಾಳ ಎಂದರೆ ಕರಾವಳಿಯಿಂದ ಹುಬ್ಬಳ್ಳಿಗೆ ಹೋಗಿ ಬರುವ ನಮ್ಮವರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ, ಲಾರಿಗಳು, ಬೈಪಾಸ್. ಅಲ್ಲಿ ಮನೆ ಮಾಡಿಕೊಂಡಿರುವ ಪರಿಚಯದ ಕುಟುಂಬವೊಂದಕ್ಕೆ ಈಚೆಗೆ ಹೋಗಿದ್ದೆವು. ಹಿರಿಮಗಳು ಮನಶ್ಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿದ್ದಾಳೆ. ಅವಳ ಮೊಬೈಲಿಗೆ ಒಂದು ಜಾಹೀರಾತು ಬಂದಿತ್ತು: ಮಕ್ಕಳಿಗೆ 'ಕಾಗ್ನಿಟಿವ್ ಸ್ಕಿಲ್ಸ್ ಟ್ರೈನರ್' ಬೇಕಾಗಿದ್ದಾರೆ, ತರಬೇತಿ ನಾವೇ ಕೊಡುತ್ತೇವೆ, ಹದಿನೈದು ದಿನ ಸಾಕು.

"ಇದೆಂಥ ಕೆಲಸ? ಟ್ಯೂಷನ್ನಾ, ಆಸ್ಪತ್ರೆಯಾ?" ಅಂತ ಉಪ್ಪ ಕೇಳಿದರು. "ಮನೆಗೆ ಹತ್ತಿರ ಉಂಟು, ಸಂಬಳವೂ ಬರುತ್ತದೆ, ಹೋಗಲಿ ಬಿಡಿ" ಎಂದದ್ದು ಉಮ್ಮ. ಮಗಳು ಸುಮ್ಮನೆ ನಮ್ಮ ಮುಖ ನೋಡಿದಳು. ಆ ದಿನ ನಮಗೂ ಸರಿಯಾಗಿ ಉತ್ತರ ಹೇಳಲಿಕ್ಕೆ ಆಗಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಜಾಹೀರಾತು ಈಗ ನಮ್ಮ ಬೇರೆ ಮನೆಗಳಿಗೂ ಬರುತ್ತಿರಬಹುದು.

ಗಮನ ಕೊಡುವುದು, ನೆನಪಿಡುವುದು, ಕಂಡದ್ದನ್ನು ಬೇಗ ಗ್ರಹಿಸುವುದು, ಮುಂದಿನದನ್ನು ಯೋಜಿಸುವುದು, ಇವಕ್ಕೆ ಅರಿವಿನ ಕೌಶಲಗಳು ಎನ್ನುತ್ತಾರೆ. ಅಭ್ಯಾಸ ಮಾಡಿಸಿ ಇವನ್ನು ಗಟ್ಟಿ ಮಾಡುವುದು ಟ್ರೈನರ್ ಕೆಲಸ. ಈ ಕೆಲಸ ನಿಜವಾಗಿ ಬೇಕಾಗುವುದು ತಲೆಗೆ ಪೆಟ್ಟು ಬಿದ್ದವರಿಗೆ, ಪಾರ್ಶ್ವವಾಯು ಬಡಿದವರಿಗೆ. ಬೈಪಾಸ್ ಪಕ್ಕದಲ್ಲಿ ವಾಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೈಕಿನಿಂದ ಬಿದ್ದ ಹುಡುಗ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ. ಗಾಯ ಮಾಗಿದೆ, ನಡೆಯುತ್ತಾನೆ, ಮಾತಾಡುತ್ತಾನೆ. ಆದರೆ ಅಂಗಡಿಯ ಚಿಲ್ಲರೆ ಲೆಕ್ಕ ತಪ್ಪುತ್ತದೆ, ಹೇಳಿದ ಮಾತು ಹತ್ತು ನಿಮಿಷಕ್ಕೆ ಮರೆತುಹೋಗುತ್ತದೆ, ಸಣ್ಣದಕ್ಕೆಲ್ಲ ಸಿಟ್ಟು ಬರುತ್ತದೆ. ಮನೆಯವರು 'ಸೋಮಾರಿ ಆಗಿದ್ದಾನೆ' ಎನ್ನುತ್ತಾರೆ. ಸೋಮಾರಿತನ ಅಲ್ಲ ಅದು, ಮೆದುಳಿಗೆ ಆದ ಪೆಟ್ಟು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿ ರೂಪಿಸಿದ ಅಭ್ಯಾಸಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬೇರೆ ಬೇರೆ ಕಾಳು ಬೆರೆಸಿ ಕೊಟ್ಟು ಬಿಡಿಸಲು ಹೇಳುವುದು, ಅಕ್ಷರಗಳ ಹಾಳೆಯಲ್ಲಿ ಹೇಳಿದ ಅಕ್ಷರವನ್ನು ಮಾತ್ರ ಹುಡುಕಿ ಗೀಟು ಹಾಕಿಸುವುದು. ನಮ್ಮ ಅಡುಗೆಮನೆಯ ಕೆಲಸವೇ ಅಲ್ವಾ! ವ್ಯತ್ಯಾಸ ಇರುವುದು ಕ್ರಮದಲ್ಲಿ: ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಬರೆದಿಟ್ಟು, ಸ್ವಲ್ಪ ಸ್ವಲ್ಪವೇ ಕಷ್ಟ ಮಾಡುತ್ತಾ ಹೋಗುತ್ತಾರೆ. ಅಭ್ಯಾಸದಿಂದ ಸರಿಹೋಗದ್ದಕ್ಕೆ ಊರುಗೋಲು ಬೇಕು: ಜೇಬಿನಲ್ಲಿ ಚೀಟಿ ಪುಸ್ತಕ, ಮೊಬೈಲ್ ಅಲಾರಂ, ಬೀಗದ ಕೈಗೆ ಒಂದೇ ಮೊಳೆ. ರೋಗಿಯ ಮನೆಯವರಿಗೆ ತಾಳ್ಮೆ ಕಲಿಸುವುದೂ ಇದೇ ಕೆಲಸದ ಭಾಗ.

ಪೇಟೆಯ ಸೆಂಟರುಗಳು ಹುಡುಕುವುದು ಹೆಚ್ಚಾಗಿ ಶಾಲೆಯ ಮಕ್ಕಳನ್ನು. 'ನೆನಪಿನ ಶಕ್ತಿ ಹೆಚ್ಚಿಸಿ, ಎಲ್ಲ ವಿಷಯದಲ್ಲೂ ಮುಂದೆ ಬರುತ್ತಾನೆ' ಎನ್ನುವ ಮಾತಿಗೆ ತಂದೆ ತಾಯಿ ಸೋಲುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಅಮೆರಿಕದಲ್ಲಿ 2,832 ಮಂದಿ ಹಿರಿಯರ ಮೇಲೆ ನಡೆಸಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನೆನಪಿನ ತರಬೇತಿ, ಇನ್ನೊಂದಕ್ಕೆ ತರ್ಕದ್ದು, ಮತ್ತೊಂದಕ್ಕೆ ಬೇಗ ಗ್ರಹಿಸುವುದು. ಯಾವುದನ್ನು ಕಲಿಸಿದರೋ ಅದರಲ್ಲಿ ಸುಧಾರಣೆ ಕಂಡಿತು. ನೆನಪಿನ ತರಬೇತಿ ಪಡೆದವರ ತರ್ಕ ಅದರಿಂದ ಚುರುಕಾಗಲಿಲ್ಲ. ಈಜು ಕಲಿತವನಿಗೆ ತೆಂಗಿನ ಮರ ಹತ್ತಲು ಬರುವುದಿಲ್ಲ, ಹಾಗೆಯೇ ಇದು.

2016ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಇಂಥ ಎರಡು ಕಂಪನಿಗಳ ಜಾಹೀರಾತನ್ನು ಪ್ರಶ್ನಿಸಿತು. ಮೆದುಳಿನ ಆಟಗಳ 'ಲ್ಯುಮಾಸಿಟಿ' ಆ್ಯಪಿನವರು 20 ಲಕ್ಷ ಡಾಲರ್ ಕಟ್ಟಲು ಒಪ್ಪಿದರು. ಮಕ್ಕಳಿಗೆ ಮೆದುಳಿನ ತರಬೇತಿ ಕೊಡುವ 'ಲರ್ನಿಂಗ್ ಆರ್‌ಎಕ್ಸ್' 2 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆಕ್ಷೇಪ ಒಂದೇ: ಹೇಳಿಕೊಂಡ ಲಾಭಕ್ಕೆ ತಕ್ಕ ಪುರಾವೆ ಇಲ್ಲ.

ನಮ್ಮ ಊರಿನವರೂ ಇದನ್ನು ಕಂಡವರೇ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವ 'ಮಿಡ್‌ಬ್ರೈನ್ ಆ್ಯಕ್ಟಿವೇಶನ್' ಎಂಬ ಕೋರ್ಸು ಬಂದಾಗ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅದಕ್ಕೆ ಸವಾಲು ಹಾಕಿದರು. ಮಕ್ಕಳು ಓದುತ್ತಿದ್ದದ್ದು ಮೂಗಿನ ಪಕ್ಕದ ಸಂದಿನಿಂದ ಇಣುಕಿ. ಮಕ್ಕಳಿಗೆ ಸುಳ್ಳು ಹೇಳಲು ಕಲಿಸಿದ ಹಾಗಾಯಿತಲ್ಲ ಅದು?

ಹಾಗಂತ ಅಭ್ಯಾಸವೇ ವ್ಯರ್ಥವಾ? ಅಲ್ಲ. ನಮ್ಮ ಹಿಫ್ಳ್ ಓದುವ ಮಕ್ಕಳನ್ನು ನೋಡಿ. ದಿನಕ್ಕೆ ಸ್ವಲ್ಪ ಹೊಸದು, ಜೊತೆಗೆ ನಿನ್ನೆಯದು, ಹಿಂದಿನದು ಮತ್ತೆ ಮತ್ತೆ ಒಪ್ಪಿಸುವುದು. ಆ ಓದಿನಿಂದ ಮಗ್ಗಿ ತಾನಾಗಿ ಬಾಯಿಗೆ ಬರುವುದಿಲ್ಲ. ಆದರೆ ಅದೇ ಕ್ರಮವನ್ನು ಮಗ್ಗಿಗೂ ಹಿಡಿದರೆ ಮಗ್ಗಿ ಬರುತ್ತದೆ. ಮಗುವಿಗೆ ಓದಲು ಬಾರದಿದ್ದರೆ ಓದನ್ನೇ ಕಲಿಸಬೇಕು, ಲೆಕ್ಕ ಬಾರದಿದ್ದರೆ ಲೆಕ್ಕವನ್ನೇ.

ಇನ್ನೊಂದು ವಿಷಯ ನಮ್ಮ ಮನೆಗಳಿಗೇ ಸೇರಿದ್ದು. ಕರಾವಳಿಯಿಂದ ತಾರಿಹಾಳಕ್ಕೆ ಬಂದ ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಮದ್ರಸದಲ್ಲಿ ಅರಬಿ ಓದುತ್ತದೆ, ಬೀದಿಯಲ್ಲಿ ಉರ್ದು ಕೇಳುತ್ತದೆ. ಶಾಲೆಗೆ ಹೋದರೆ ಟೀಚರ್ 'ಯಾಕ ಸುಮ್ಮನ ಕುಂತೀ?' ಎನ್ನುತ್ತಾರೆ. ಆ ಕನ್ನಡ ಮಗುವಿನ ಕಿವಿಗೆ ಹೊಸದು. ಮಗು ತಡವರಿಸಿದರೆ ಮೆದುಳು ಮಂದ ಎಂದು ತೀರ್ಮಾನ ಮಾಡಬಾರದು. ಒಳ್ಳೆಯ ಟ್ರೈನರ್ ಮೊದಲು ಕಿವಿ, ಕಣ್ಣು, ನಿದ್ದೆ, ಮನೆಮಾತು ವಿಚಾರಿಸುತ್ತಾಳೆ. ನಿಜವಾಗಿ ಕಲಿಕೆಯ ನ್ಯೂನತೆ ಇರುವ ಮಗುವಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಜಾಗ ಉಂಟು. ಅದರಲ್ಲಿ ಹೆಸರಿಸಿದ 21 ಬಗೆಯಲ್ಲಿ ಅದೂ ಒಂದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗೆ ಪ್ರಮಾಣಪತ್ರ ಬೇಕು, ಅದನ್ನು ಪೇಟೆಯ ಸೆಂಟರ್ ಕೊಡಲಾಗುವುದಿಲ್ಲ. ತಾರಿಹಾಳದವರು ಮೊದಲು ವಿಚಾರಿಸಬೇಕಾದ ಜಾಗ ಧಾರವಾಡದ ಸರಕಾರಿ ಸಂಸ್ಥೆ ಡಿಮ್ಹಾನ್ಸ್.

ಈಗ ಆ ಹುಡುಗಿಯ ಕೆಲಸದ ಮಾತು. ಹದಿನೈದು ದಿನದ ಸರ್ಟಿಫಿಕೇಟ್ ಹಿಡಿದವರು ರೋಗ ಗುರುತಿಸುವ ಹಾಗಿಲ್ಲ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೂ ವಿಶೇಷ ಶಿಕ್ಷಕರಿಗೂ 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಮುಂದೆ ಓದುವ ಆಸೆ ಇದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಎಂ.ಎ. ಉಂಟು, ಪರಿಷತ್ತು ಒಪ್ಪಿದ ವಿಶೇಷ ಶಿಕ್ಷಣದ ಬಿ.ಎಡ್. ಉಂಟು.

ಸೆಂಟರಿಗೆ ಸೇರಲೇಬೇಕಾದರೆ ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಲು ಅವಳಿಗೆ ಬರೆದುಕೊಟ್ಟೆವು. ಮಗುವನ್ನು ಪರೀಕ್ಷೆ ಮಾಡುವುದು ಯಾರು, ಅವರಿಗೆ ನೋಂದಣಿ ಇದೆಯಾ? ನನ್ನ ಸಂಬಳ ಎಷ್ಟು ಮಕ್ಕಳನ್ನು ಸೇರಿಸಿದೆ ಎನ್ನುವುದರ ಮೇಲೆ ನಿಂತಿದೆಯಾ? ಮೂರು ತಿಂಗಳಲ್ಲಿ ಪ್ರಯೋಜನ ಕಾಣದಿದ್ದರೆ ತಂದೆ ತಾಯಿಗೆ ನಾನು ಏನು ಹೇಳಬೇಕು? ಮಗುವನ್ನು ಸೇರಿಸಲು ಹೊರಟ ಪೋಷಕರೂ ಈ ಪ್ರಶ್ನೆಗಳನ್ನೇ ತಿರುಗಿಸಿ ಕೇಳಬಹುದು.

ಅವಳು ಹೋಗಿ ಕೇಳಿದಳು. ಮೊದಲನೆಯದಕ್ಕೆ 'ನಮ್ಮ ಸಾಫ್ಟ್‌ವೇರೇ ಪರೀಕ್ಷೆ ಮಾಡ್ತದ್ರಿ' ಎಂದರಂತೆ. ಎರಡನೆಯದಕ್ಕೆ ತಿಂಗಳ ಟಾರ್ಗೆಟ್ ತಿಳಿಸಿದರಂತೆ. ಮೂರನೆಯದಕ್ಕೆ ಮತ್ತೆ ಮೂರು ತಿಂಗಳ ಪ್ಯಾಕೇಜ್ ಉಂಟಂತೆ.

ಅವಳು ಸೇರಲಿಲ್ಲ. ವಿಶೇಷ ಶಿಕ್ಷಣದ ಬಿ.ಎಡ್. ಅರ್ಜಿ ಹಾಕುವ ಯೋಚನೆಯಲ್ಲಿದ್ದಾಳೆ. ಎರಡು ವರ್ಷ ಸಂಬಳ ಇಲ್ಲ, ಮೇಲಿಂದ ಫೀಸು. ತಮ್ಮನ ಓದೂ ಇದೆ. ಮೊನ್ನೆ ಫೋನಿನಲ್ಲಿ ಉಪ್ಪ ಹೇಳಿದರು: "ಲೆಕ್ಕ ಇನ್ನೂ ಕೂಡಿ ಬರಲಿಲ್ಲ. ಆದರೆ ಬೇರೆಯವರ ಮಕ್ಕಳ ಉಮ್ಮಂದಿರಿಗೆ ಸುಳ್ಳು ಹೇಳಿ ತಂದ ಸಂಬಳ ನಮಗೆ ಬೇಡ." ಅರ್ಜಿಯ ಕೊನೆಯ ದಿನ ಯಾವಾಗ ಎಂದು ವಿಚಾರಿಸಿ ತಿಳಿಸುವ ಜವಾಬ್ದಾರಿ ಈಗ ನಮ್ಮದು.